ಹಳೇ ರೈಲು ಬೋಗಿ ಬೇಕೆ? ಇಡೀ ಕೋಚು, ಅರ್ಧ ಕೋಚು, ಬಿಡಿಭಾಗ, ಬರೀ ಬಣ್ಣ: ಯಾವುದು ಯಾರಿಗೆ

ಶಿರಾ ರಸ್ತೆಯಲ್ಲಿ ಹೋಟೆಲ್ ಇಡಬೇಕೆನ್ನುವವರು, ನಂದಿ ಬೆಟ್ಟದ ತಪ್ಪಲಲ್ಲಿ ಹೋಂಸ್ಟೇ ಕಟ್ಟುವವರು, ಮುಳಬಾಗಿಲು ಕಡೆಯ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸದಸ್ಯರು, ಎಲ್ಲರೂ ಮೊದಲು ಕೇಳುವುದು ಒಂದೇ: "ಹಳೇ ರೈಲು ಬೋಗಿ ಎಷ್ಟಕ್ಕೆ ಸಿಗುತ್ತೆ?" ಬೆಲೆ ಆಮೇಲೆ ನೋಡೋಣ. ಇಪ್ಪತ್ತೊಂದು ಮೀಟರ್ ಉದ್ದದ ಕಬ್ಬಿಣದ ಪೆಟ್ಟಿಗೆ ನಿಮ್ಮ ಜಾಗದ ಬಾಗಿಲಿಗೆ ಬರುತ್ತದೆಯೇ ಅನ್ನುವುದು ಮೊದಲು ಇತ್ಯರ್ಥವಾಗಬೇಕು. ಬರುವುದಿಲ್ಲ ಎಂದಾದರೆ ಪುಕ್ಕಟೆ ಕೊಟ್ಟರೂ ಕೋಚು ದುಬಾರಿಯೇ.

ಇನ್ನೊಂದು ಮಾತು ಶುರುವಿನಲ್ಲೇ ಸರಿಮಾಡಿಕೊಳ್ಳಬೇಕು. ನಾವು ಮನೆಮಾತಿನಲ್ಲಿ ಇಡೀ ಡಬ್ಬಿಗೆ ಬೋಗಿ ಅನ್ನುತ್ತೇವೆ. ರೈಲ್ವೆಯವರ ಭಾಷೆಯಲ್ಲಿ ಬೋಗಿ ಎಂದರೆ ಕೆಳಗಿನ ನಾಲ್ಕು ಚಕ್ರದ ಗಾಡಿ ಮಾತ್ರ, ಮೇಲಿನದ್ದು ಕೋಚು. ಹರಾಜಿನ ಪಟ್ಟಿಯಲ್ಲಿ "ಬೋಗಿ" ಎಂದು ಕಂಡು ಹಣ ಕಟ್ಟಿದರೆ ಮನೆಗೆ ಬರುವುದು ಚಕ್ರದ ಚೌಕಟ್ಟು. ಈ ಬರಹದಲ್ಲಿ ರೈಲ್ವೆಯವರ ಅರ್ಥವನ್ನೇ ಇಟ್ಟುಕೊಂಡಿದ್ದೇವೆ.

ಗುಜರಿಗೆ ಬೀಳುವ ಮುಂಚೆ

ಚೆನ್ನೈನ ಪೆರಂಬೂರಿನಲ್ಲಿರುವ ರೈಲ್ವೆಯ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ (ಐಸಿಎಫ್) ತಯಾರಾದ ನೀಲಿ ಬಣ್ಣದ ಹಳೇ ಮಾದರಿಯ ಕೋಚಿಗೆ ರೈಲ್ವೆ ಇಟ್ಟಿರುವ ಆಯಸ್ಸು 25 ವರ್ಷ. ಆ ಕಾರ್ಖಾನೆ ಶುರುವಾದದ್ದು 1955ರಲ್ಲಿ. ಸ್ವಿಸ್ ವಿನ್ಯಾಸದ ಈ ಮಾದರಿಯ ಕೊನೆಯ ಕೋಚು ಹೊರಬಿದ್ದದ್ದು 2018ರ ಜನವರಿಯಲ್ಲಿ. ಅದರ ಜಾಗಕ್ಕೆ ಈಗ ಬರುವುದು ಜರ್ಮನ್ ಮೂಲದ ಎಲ್‌ಎಚ್‌ಬಿ ಮಾದರಿ. ಒಂದೊಂದೇ ರೈಲು ಎಲ್‌ಎಚ್‌ಬಿಗೆ ಬದಲಾದಂತೆ ಆಯಸ್ಸು ಬಾಕಿಯಿರುವ ಐಸಿಎಫ್ ಕೋಚುಗಳೂ ಪ್ರಯಾಣಿಕ ಸೇವೆಯಿಂದ ಇಳಿಯುತ್ತಿವೆ. ಆದ್ದರಿಂದ ಇನ್ನೂ ಕೆಲವು ವರ್ಷ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಐಸಿಎಫ್ ಮಾಲೇ.

ಸೇವೆಯಿಂದ ಇಳಿದ ಕೋಚೆಲ್ಲ ನೇರ ಗುಜರಿಗೆ ಹೋಗುವುದಿಲ್ಲ. ಮೈಕಟ್ಟು ಗಟ್ಟಿಯಿದ್ದರೆ ಕಿಟಕಿ, ಬಾಗಿಲಿಗೆ ತಗಡು ಬಡಿದು, ಎರಡೂ ತುದಿಗೆ ಅಗಲದ ಬಾಗಿಲಿಟ್ಟು ಕಾರು ಸಾಗಿಸುವ ಎನ್‌ಎಂಜಿ ವ್ಯಾಗನ್ ಮಾಡುತ್ತಾರೆ. ಹಳಿಯ ಮೇಲೆ ಕಿಟಕಿಯಿಲ್ಲದ ಪ್ಯಾಸೆಂಜರ್ ರೈಲಿನಂಥದ್ದು ಹೋಗುವುದನ್ನು ಕಂಡಿದ್ದರೆ ಅದು ಇದೇ. ಇನ್ನು ಕೆಲವು ಸಿಬ್ಬಂದಿಯ ಕ್ಯಾಂಪ್ ಕೋಚು, ಅಪಘಾತ ಪರಿಹಾರ ರೈಲಿನ ಸಾಮಾನು ಡಬ್ಬಿ ಆಗುತ್ತವೆ. 2020ರಲ್ಲಿ ಕೋವಿಡ್ ಬಂದಾಗ 5,231 ಕೋಚುಗಳನ್ನು ಪ್ರತ್ಯೇಕವಾಸದ ವಾರ್ಡ್ ಮಾಡಿದ್ದೂ ಉಂಟು. ಇದೆಲ್ಲ ದಾಟಿ "ಕಂಡಮ್" ಎಂದು ಬರೆಸಿಕೊಂಡದ್ದಷ್ಟೇ ಹರಾಜಿಗೆ ಬರುತ್ತದೆ. ಅಂದರೆ ನಿಮ್ಮ ಕೈಗೆ ಸಿಗುವುದು ರೈಲ್ವೆಗೆ ಇನ್ನು ಯಾವ ಕೆಲಸಕ್ಕೂ ಒದಗದ ಕೋಚು. ಈ ಎಚ್ಚರ ತಲೆಯಲ್ಲಿರಲಿ.

ಚಕ್ರದ ದಾರಿ ಬೇರೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ರೈಲು ಹಾಯುವ ಯಲಹಂಕದಲ್ಲಿ 1984ರಿಂದ ರೈಲು ಗಾಲಿ ಕಾರ್ಖಾನೆ ಇದೆ. ಸವೆದ ಗಾಲಿಯನ್ನು ಅಲ್ಲಿ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ಹಾಗಾಗಿ ಬಹುಪಾಲು ಹರಾಜಿನಲ್ಲಿ ಗಾಲಿ, ಅದರ ಅಚ್ಚು (ಆಕ್ಸಲ್) ರೈಲ್ವೆಯೇ ಉಳಿಸಿಕೊಳ್ಳುವ ಸಾಮಾನಿನ ಪಟ್ಟಿಯಲ್ಲಿರುತ್ತವೆ. "ಚಕ್ರದ ಸಮೇತ ಹಳಿ ಮೇಲೆ ನಿಲ್ಲಿಸೋಣ" ಎಂಬ ಆಸೆ ಇದ್ದವರು ಲಾಟಿನ, ಅಂದರೆ ಒಟ್ಟಿಗೆ ಹರಾಜಿಗಿಟ್ಟ ಮಾಲಿನ, ವಿವರವನ್ನು ಎರಡು ಸಲ ಓದಬೇಕು.

ಐಸಿಎಫ್ ಬೇಕೋ, ಎಲ್‌ಎಚ್‌ಬಿ ಬೇಕೋ

ಆಯ್ಕೆ ಇದ್ದರೆ ಐಸಿಎಫ್ ಸ್ಲೀಪರ್ ಅಥವಾ ಜನರಲ್ ಕೋಚು ತೆಗೆದುಕೊಳ್ಳಿ. ಮೈ 21.34 ಮೀಟರ್ ಉದ್ದ, ಸುಮಾರು 3.25 ಮೀಟರ್ ಅಗಲ. ಸಾಧಾರಣ ಉಕ್ಕಿನ ಜಾತಿಯದೇ ಆದ್ದರಿಂದ ಊರಿನ ಯಾವ ವೆಲ್ಡರ್ ಬೇಕಾದರೂ ಕೆಲಸ ಮಾಡಬಲ್ಲ, ಗ್ಯಾಸ್ ಕಟ್ಟರ್‌ಗೆ ಬಗ್ಗುತ್ತದೆ. ಕಿಟಕಿಗೆ ಅಡ್ಡಸರಳು, ಮೇಲೆತ್ತುವ ಷಟರ್, ನಮ್ಮ ಕಣ್ಣಿಗೆ "ರೈಲು" ಎಂದರೆ ಇದೇ ಮುಖ.

ಎಲ್‌ಎಚ್‌ಬಿಯ ಮೈ 23.54 ಮೀಟರ್, ಸ್ಟೇನ್‌ಲೆಸ್ ಉಕ್ಕು. ತುಕ್ಕಿನ ಕಾಟ ತೀರ ಕಮ್ಮಿ. ಆದರೆ ಎರಡು ಮೀಟರ್ ಹೆಚ್ಚಿನ ಉದ್ದ ತಿರುವಿನಲ್ಲಿ ಕಾಡುತ್ತದೆ. ಸ್ಟೇನ್‌ಲೆಸ್ಸನ್ನು ಆಮ್ಲಜನಕದ ಗ್ಯಾಸ್ ಕಟ್ಟರ್ ಕತ್ತರಿಸುವುದಿಲ್ಲ, ಪ್ಲಾಸ್ಮಾ ಬೇಕು. ಅದಕ್ಕೆ ಸಾದಾ ಕಬ್ಬಿಣ ಬೆಸೆಯಬೇಕಾದರೆ 309ಎಲ್ ರಾಡು ಬೇಕು. ಮಾಮೂಲಿ ರಾಡಿನಲ್ಲಿ ಹಾಕಿದ ಬೆಸುಗೆ ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ, ಅದೇ ಗೆರೆಯಲ್ಲಿ ತುಕ್ಕೂ ಏಳುತ್ತದೆ. ಇದರ ಕಿಟಕಿ ತೆರೆಯದ ದೊಡ್ಡ ಗಾಜಾದರೆ ಎಸಿ ಇಲ್ಲದೆ ಒಳಗೆ ಕೂರಲಾಗದು.

ಎಸಿ ಕೋಚು ನೋಡಲು ಲಕ್ಷಣ, ಕೊಳ್ಳಲು ತಲೆನೋವು. ಯಂತ್ರ ಕಿತ್ತ ಮೇಲೆ ಉಳಿಯುವುದು ಗಾಳಿಯಾಡದ ಡಬ್ಬಿ. ಮೆಮು, ಅಂದರೆ ಹತ್ತಿರದೂರುಗಳ ನಡುವೆ ಓಡುವ ವಿದ್ಯುತ್ ರೈಲಿನ ಕೋಚಿಗೆ ಅಗಲದ ಬಾಗಿಲುಗಳಿರುವುದು ಹೋಟೆಲಿಗೆ ಅನುಕೂಲ. ಕೋಲಾರ–ಚಿಕ್ಕಬಳ್ಳಾಪುರದ ಹಳೇ ಎರಡೂವರೆ ಅಡಿ ಹಳಿಯ ಪುಟ್ಟ ಡಬ್ಬಿಗಳು ಸಿಕ್ಕಿದ್ದರೆ ಸಾಗಿಸಲು ಹಬ್ಬವಾಗುತ್ತಿತ್ತು. ಆದರೆ 2013ರ ಹೊತ್ತಿಗೆ ಆ ಮಾರ್ಗವೆಲ್ಲ ಬ್ರಾಡ್‌ಗೇಜ್ ಆಯಿತು, ಆ ಮಾಲು ಈಗ ಮ್ಯೂಸಿಯಂ ಸರಕು.

ಹರಾಜು

ಮಾರಾಟ ರೈಲ್ವೆಯ ಐಆರ್‌ಇಪಿಎಸ್ ಜಾಲತಾಣದ ಇ-ಹರಾಜಿನಲ್ಲಿ. ನೋಂದಣಿಗೆ ಪ್ಯಾನ್, ಬ್ಯಾಂಕ್ ಖಾತೆ, ಡಿಜಿಟಲ್ ಸಹಿ ಬೇಕು. ವ್ಯಾಪಾರಕ್ಕಾದರೆ ಜಿಎಸ್‌ಟಿ ನಂಬರೂ ಇರಬೇಕು. ಗೆದ್ದ ಬೆಲೆಯ ಮೇಲೆ ಜಿಎಸ್‌ಟಿ, ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಸೇರುತ್ತವೆ. ಎಲ್ಲವೂ "ಇದ್ದಲ್ಲಿ, ಇದ್ದಂತೆ": ತೆಗೆದ ಮೇಲೆ ತುಕ್ಕು ಹಿಡಿದಿದೆ ಎಂದು ವಾದ ಮಾಡುವಂತಿಲ್ಲ. ಆದ್ದರಿಂದ ಬಿಡ್ ಹಾಕುವ ಮುಂಚೆ ಡಿಪೋಗೆ ಹೋಗಿ ಲಾಟನ್ನು ಕಣ್ಣಾರೆ ನೋಡಿ. ಅದಕ್ಕೆ ಅವಕಾಶ ಇರುತ್ತದೆ. ನೈರುತ್ಯ ರೈಲ್ವೆಯ ದೊಡ್ಡ ಕಾರ್ಯಾಗಾರಗಳು ಹುಬ್ಬಳ್ಳಿ ಮತ್ತು ಮೈಸೂರಿನಲ್ಲಿವೆ.

ಲಾಟಿನ ವಿವರದಲ್ಲಿ ಮೂರು ಸಾಲು ಹುಡುಕಿ. ಕೋಚನ್ನು ಇಡಿಯಾಗಿ ಒಯ್ಯಬಹುದೋ, ಅಲ್ಲೇ ಕತ್ತರಿಸಿ ತುಂಡು ಮಾಡಿಯೇ ಒಯ್ಯಬೇಕೋ ಎಂಬುದು ಒಂದು. ಎಷ್ಟೋ ಲಾಟುಗಳಲ್ಲಿ ಕತ್ತರಿಸುವುದೇ ಷರತ್ತು, ಅಂಥದ್ದು ನಿಮಗೆ ಬೇಡ. ಯಾವ ಸಾಮಾನು ರೈಲ್ವೆ ಉಳಿಸಿಕೊಳ್ಳುತ್ತದೆ ಎಂಬುದು ಇನ್ನೊಂದು: ಗಾಲಿ, ಬ್ಯಾಟರಿ, ಆಲ್ಟರ್ನೇಟರ್, ಜೈವಿಕ ಶೌಚದ ತೊಟ್ಟಿ ಹೆಚ್ಚಾಗಿ ಆ ಪಟ್ಟಿಯಲ್ಲಿ. ಸಾಗಿಸಲು ಕೊಟ್ಟ ಗಡುವು ಮೂರನೆಯದು. ಮೀರಿದರೆ ದಿನಬಾಡಿಗೆ ಏರುತ್ತದೆ.

ಬೆಲೆಯ ಅಂದಾಜು ಕಷ್ಟವಿಲ್ಲ. ಎದುರಿಗೆ ಬಿಡ್ ಕೂಗುವವರು ಗುಜರಿ ವ್ಯಾಪಾರಿಗಳು, ಅವರು ಲೆಕ್ಕ ಹಾಕುವುದು ಉಕ್ಕಿನ ತೂಕದಲ್ಲಿ. ಐಸಿಎಫ್ ಸ್ಲೀಪರ್ ಖಾಲಿ ತೂಕ ಹೆಚ್ಚುಕಮ್ಮಿ 38 ಟನ್; ಎರಡು ಬೋಗಿಗೆ 12 ಟನ್ ಕಳೆದರೆ ಮೈಗೆ 25 ಟನ್ ಮೇಲೆ ಸ್ವಲ್ಪ. ಅಂದಿನ ಗುಜರಿ ದರ ಟನ್ನಿಗೆ 30 ಸಾವಿರ ಎಂದು ಹಿಡಿದರೆ ಏಳೂವರೆ ಲಕ್ಷದಿಂದ ಮಾತು ಶುರು. ವ್ಯಾಪಾರಿಗಿಂತ ಒಂದು ಹೆಜ್ಜೆ ಮೇಲೆ ನೀವು ಕೂಗಬೇಕಾಗುತ್ತದೆ.

ತುಕ್ಕು ಎಲ್ಲಿ ಅಡಗಿರುತ್ತದೆ

ಕೋಚಿನ ಹೊಟ್ಟೆ ನೋಡದೆ ಮುಖ ನೋಡಿ ಒಪ್ಪಬೇಡಿ. ಐಸಿಎಫ್ ಕೋಚಿನ ಪಕ್ಕದ ಗೋಡೆಯ ತಗಡು ಬರೀ 2 ಮಿ.ಮೀ. ನೆಲಕ್ಕೂ ಮಡಿಕೆ ಮಡಿಕೆಯಾದ ತೆಳು ತಗಡೇ, ಅದರ ಮೇಲೆ ಒತ್ತುಹಲಗೆ, ಅದರ ಮೇಲೆ ಪಿವಿಸಿ ಹಾಸು. ಹಾಸು ಎಲ್ಲಾದರೂ ಹರಿದರೆ ಶೌಚಾಲಯದ ನೀರು, ತೊಳೆಯುವ ಆಸಿಡ್ ಕೆಳಗಿಳಿದು ಮಡಿಕೆಯಲ್ಲಿ ನಿಲ್ಲುತ್ತದೆ. ಮೇಲೆ ಮಿರಮಿರ ಮಿಂಚುವ ನೆಲ, ಕೆಳಗೆ ಜರಡಿ.

ಅರ್ಧ ಕಿಲೋದ ಸುತ್ತಿಗೆ, ದಪ್ಪ ಸ್ಕ್ರೂಡ್ರೈವರ್, ಟಾರ್ಚು ಹಿಡಿದು ಕೆಳಗೆ ನುಗ್ಗಿ. ನಾಲ್ಕು ಮೂಲೆಯ ಶೌಚಾಲಯಗಳ ತಳ, ಬಾಗಿಲ ಹೊಸ್ತಿಲ ಕೆಳಗೆ, ಕಿಟಕಿಗಳ ನಡುವಿನ ಕಂಬಗಳ ಬುಡ, ತಳದ ಎರಡೂ ಅಂಚಿಗೆ ಉದ್ದಕ್ಕೂ ಓಡುವ ಸೋಲ್‌ಬಾರ್ ಎಂಬ ಉಕ್ಕಿನ ತೊಲೆ, ಈ ಜಾಗಗಳಲ್ಲಿ ತಟ್ಟಿ. ಟಣ್ ಎಂದರೆ ಲೋಹ ಇದೆ. ಡಬ್ ಎಂದರೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಶೌಚಾಲಯದ ತಳ ತೂತಾಗಿರುವುದು ಮಾಮೂಲಿ, ಅಷ್ಟಕ್ಕೇ ಬಿಡಬೇಕಾಗಿಲ್ಲ. ಆ ಭಾಗ ಕತ್ತರಿಸಿ ಹೊಸ ತಗಡು ಕೂರಿಸಬಹುದು. ಕಂಬದ ಬುಡ ನಾಲ್ಕೈದು ಕಡೆ ತಿಂದುಹೋಗಿದ್ದರೆ ಬೆಲೆ ಇಳಿಸಿ. ಬೋಗಿ ಕೂರುವ ಬೋಲ್‌ಸ್ಟರ್ ಎಂಬ ತಳದ ಅಡ್ಡ ಉಕ್ಕಿನ ಹತ್ತಿರ ಸೋಲ್‌ಬಾರ್ ತೂತಾಗಿದ್ದರೆ ಮಾತ್ರ ತಿರುಗಿ ನೋಡದೆ ಬನ್ನಿ: ಕ್ರೇನ್ ಎತ್ತುವುದೂ ಅಲ್ಲೇ, ಮುಂದೆ ಕೋಚು ಕೂರುವುದೂ ಅಲ್ಲೇ.

ತೀರ ಹಳೆಯ ಕೋಚಿನ ಒಳಹಲಗೆ ಕಿತ್ತಾಗ ತಗಡಿಗೆ ಅಂಟಿದ ಬೂದುಬಣ್ಣದ ನಾರುನಾರಾದ ಲೇಪ ಕಂಡರೆ ಅದು ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯಲೇಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಇದನ್ನು ತೆಗೆಯುವುದು ಪರಿಣತರ ಕೆಲಸ. ಮಕ್ಕಳ ಶಾಲೆಗೆ ಕೋಚು ಹುಡುಕುತ್ತಿದ್ದರೆ ಇಂಥದ್ದನ್ನು ಕೈಬಿಡುವುದೇ ಸರಿ. ಹಳದಿಛಾಯೆಯ ಹಳೇ ಪ್ರೈಮರ್‌ನಲ್ಲಿ ಸತುವಿನ ಕ್ರೋಮೇಟ್ ಇರುತ್ತದೆ. ಅದರ ಮೇಲೆ ಗ್ಯಾಸ್ ಹಾಯಿಸಿದರೆ ಹೊಗೆ ವಿಷ. ಕತ್ತರಿಸುವ ಗೆರೆಯ ಆಚೀಚೆ ನಾಲ್ಕು ಬೆರಳು ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ತೆಗೆದುಕೊಂಡೇ ಕೆಲಸ ಹಿಡಿಯಿರಿ.

ತರುವುದು: ಇಲ್ಲೇ ಲೆಕ್ಕ ತಪ್ಪುವುದು

ಕಂಡಮ್ ಆದ ಕೋಚನ್ನು ಯಾವುದೋ ರೈಲಿಗೆ ಕಟ್ಟಿಸಿ ತರಲಾಗುವುದಿಲ್ಲ. ರಸ್ತೆಯೇ ಗತಿ. ಸಾಮಾನ್ಯ ಟ್ರೈಲರಿನ ಹಾಸು 12 ಮೀಟರ್, ಅಂದರೆ 40 ಅಡಿ. ಕೋಚಿಗೆ ಎಳೆದು ಉದ್ದ ಮಾಡಬಲ್ಲ ಲೋ-ಬೆಡ್ ಬೇಕು. ಅಗಲ 3.25 ಮೀಟರ್ ಮಾಮೂಲಿ ಮಿತಿ ಮೀರುವುದರಿಂದ ಓ.ಡಿ.ಸಿ. (ODC), ಅಂದರೆ ಅಳತೆ ಮೀರಿದ ಹೊರೆಯ ಪರವಾನಗಿ ಬೇಕು. ನೆತ್ತಿಯಿಂದ ತಳದ ಚೌಕಟ್ಟಿನವರೆಗೆ ಮೂರು ಮೀಟರ್ ಆಸುಪಾಸು, ಲೋ-ಬೆಡ್ ಒಂದು ಮೀಟರ್; ನೆಲದಿಂದ ನಾಲ್ಕು ಮೀಟರ್ ದಾಟುತ್ತದೆ.

ಹುಬ್ಬಳ್ಳಿಯಿಂದ ತುಮಕೂರಿಗೆ ಸುಮಾರು 340 ಕಿ.ಮೀ., ಉದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 48. ದೂರ ಹೆಚ್ಚಾದರೂ ಸಲೀಸು. ಮೈಸೂರಿನಿಂದ ಕೋಲಾರಕ್ಕೋ ಚಿಕ್ಕಬಳ್ಳಾಪುರಕ್ಕೋ ತರುವುದಾದರೆ ನಡುವೆ ಬೆಂಗಳೂರಿನ ಹೊರವಲಯ ಸುತ್ತಬೇಕು, ರಾತ್ರಿಯಲ್ಲೇ ಆಗಬೇಕಾದ ಕೆಲಸ. ಆದರೂ ಹೆದ್ದಾರಿ ಯಾರನ್ನೂ ಸೋಲಿಸುವುದಿಲ್ಲ. ಸೋಲಿಸುವುದು ಹೆದ್ದಾರಿ ಬಿಟ್ಟ ಮೇಲಿನ ಕೊನೆಯ ಎರಡು ಕಿಲೋಮೀಟರ್. ರೈಲ್ವೆ ಗೇಟು ತೆಗೆದು ಮಾಡಿದ ಕೆಳಸೇತುವೆಗಳಲ್ಲಿ ಎಷ್ಟೋ ಇದಕ್ಕಿಂತ ಗಿಡ್ಡ. ಊರೊಳಗಿನ ಬೆಸ್ಕಾಂ ತಂತಿ ಜೋತುಬಿದ್ದಿರುತ್ತದೆ. ಲೈನ್ ಬಂದ್ ಮಾಡಿಸಲು ಮುಂಚಿತವಾಗಿ ಅರ್ಜಿ ಕೊಟ್ಟು ಲೈನ್‌ಮನ್ ಜೊತೆಯಲ್ಲಿರಬೇಕು, ಕೋಲಿನಲ್ಲಿ ತಂತಿ ಎತ್ತಿ ಹಾಯಿಸುವ ಹುಚ್ಚು ಬೇಡ.

ತಿರುವಿಗೆ ಒಂದು ಸುಲಭ ಪರೀಕ್ಷೆ ಇದೆ. 22 ಮೀಟರ್ ಹಗ್ಗದ ಒಂದೊಂದು ತುದಿ ಒಬ್ಬೊಬ್ಬರು ಹಿಡಿದು, ರಸ್ತೆಯ ಹೊರ ಅಂಚಿನಲ್ಲೇ ಹಗ್ಗ ಬಿಗಿಯಾಗಿರುವಂತೆ ತಿರುವು ನಡೆಯಿರಿ. ಹಗ್ಗದ ನಡುಭಾಗ ಒಳಬದಿಯ ಕಂಬಕ್ಕೋ ಕಾಂಪೌಂಡಿಗೋ ಒಂದೂಮುಕ್ಕಾಲು ಮೀಟರಿಗಿಂತ ಹತ್ತಿರ ಬಂದರೆ ಕೋಚು ಅಲ್ಲಿ ತಿರುಗುವುದಿಲ್ಲ. ಹೊರಬದಿಯಲ್ಲಿ ಟ್ರೈಲರ್ ಗಾಲಿಗೆ ಗಟ್ಟಿ ನೆಲವೂ ಇರಬೇಕು. ಚರಂಡಿ ಚಪ್ಪಡಿಯ ಮೇಲೆ ಹತ್ತಿಸಿದರೆ ಚಪ್ಪಡಿ ಮುರಿಯುತ್ತದೆ, ಪಂಚಾಯಿತಿ ದಂಡ ಹಾಕುತ್ತದೆ.

ಇಳಿಸಲು ಎರಡು ಕ್ರೇನು, ತಲಾ 50 ಟನ್ ವರ್ಗದ್ದು. "25 ಟನ್ ಮಾಲಿಗೆ ಎರಡು ಹೈಡ್ರಾ ಸಾಕು" ಎನ್ನುವವರ ಮಾತು ಕೇಳಬೇಡಿ. ಹೈಡ್ರಾ ಎಂಬ ಸಣ್ಣ ಓಡಾಡುವ ಕ್ರೇನಿನ ಮೇಲೆ ಬರೆದ ಟನ್ನು ತೋಳು ಮಡಚಿ ಹತ್ತಿರ ಇದ್ದಾಗಿನ ಲೆಕ್ಕ. ಏಳೆಂಟು ಮೀಟರ್ ಚಾಚಿದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಬೆಲ್ಟನ್ನು ಬೋಲ್‌ಸ್ಟರ್ ಪಕ್ಕದ ಎತ್ತುವ ಜಾಗದಲ್ಲೇ ಹಾಕಿ, ಮೇಲೆ ಅಡ್ಡತೊಲೆ ಇಟ್ಟು ಎತ್ತಿಸಿ. ತೊಲೆ ಇಲ್ಲದಿದ್ದರೆ ಬೆಲ್ಟು ಚಾವಣಿಯ ಅಂಚನ್ನು ಹಿಂಡಿ ಗೋಡೆ ಒಳಗೆ ಬಾಗುತ್ತದೆ.

ದಾರಿ ಇಕ್ಕಟ್ಟು, ಆದರೂ ನಿಜವಾದ ಕೋಚೇ ಬೇಕು ಎನ್ನುವವರಿಗೆ ಅರ್ಧ ಮಾಡಿ ತರುವ ದಾರಿ ಉಂಟು. ಎರಡು ಕಿಟಕಿಗಳ ನಡುವೆ ಅಡ್ಡಕ್ಕೆ ಕೊಯ್ದರೆ 10.6 ಮೀಟರಿನ ಎರಡು ತುಂಡು, ಮಾಮೂಲಿ ಟ್ರೈಲರಿನಲ್ಲೇ ಕೂರುತ್ತವೆ. ಅಗಲ ಅಷ್ಟೇ ಇರುವುದರಿಂದ ಪರವಾನಗಿ ತಪ್ಪುವುದಿಲ್ಲ. ಕೊಯ್ಯುವ ಮುಂಚೆ ಗೆರೆಯ ಎರಡೂ ಪಕ್ಕ ಒಳಗಿನಿಂದ ಚೌಕಟ್ಟು ಬೆಸೆಯಬೇಕು, ಇಲ್ಲದಿದ್ದರೆ ಬಿಡಿಸಿದ ಕೂಡಲೇ ಬಾಯಿ ಅಗಲವಾಗಿ ಮತ್ತೆ ಜೋಡಣೆ ಸೇರುವುದಿಲ್ಲ. ಕೂಡಿಸುವಾಗ ಸೋಲ್‌ಬಾರ್‌ಗೆ ಬರೀ ಅಂಚಿನ ಬೆಸುಗೆ ಸಾಲದು, ಪಕ್ಕಕ್ಕೆ ಪಟ್ಟಿ ಕೊಟ್ಟು ಬಲಪಡಿಸಿ, ಆ ಜಾಗದ ಕೆಳಗೆ ಒಂದು ಕಂಬ ಹೆಚ್ಚಿಗೆ ಇಡಿ. ಹೋಟೆಲಿನ ಮುಂಭಾಗಕ್ಕೆ ಒಂದೇ ತುಂಡು ಸಾಕು ಅನ್ನಿಸಿದರೆ ಇನ್ನೊಂದನ್ನು ಪಾಲುದಾರರಿಗೆ ಬಿಟ್ಟುಕೊಡಬಹುದು.

ಕೂರಿಸುವುದು

ಐಸಿಎಫ್ ಎಂಬ ಹೆಸರಿನಲ್ಲಿರುವ "ಇಂಟಿಗ್ರಲ್" ಎಂಬ ಮಾತಿನ ಅರ್ಥ ಇಲ್ಲಿ ಗೊತ್ತಾಗುತ್ತದೆ. ಈ ಕೋಚಿನಲ್ಲಿ ನೆಲ, ಗೋಡೆ, ಚಾವಣಿ ಮೂರೂ ಸೇರಿ ಒಂದೇ ಕೊಳವೆಯಂತೆ ಭಾರ ಹೊರುತ್ತವೆ. ಮನೆಯ ಗೋಡೆ ಒಡೆದಂತೆ ಪಕ್ಕದ ಗೋಡೆಯಲ್ಲಿ ಮೂರು ಮೀಟರ್ ಅಗಲದ ಬಾಗಿಲು ಕೊಯ್ದರೆ ಮಾರನೇ ದಿನವೇ ಏನೂ ಆಗದಿರಬಹುದು. ನಿಧಾನಕ್ಕೆ ನಡು ಜಗ್ಗಿ ಕಿಟಕಿ ಷಟರುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಇರುವ ನಾಲ್ಕು ಬಾಗಿಲನ್ನೇ ಬಳಸಿ. ಹೊಸದು ಬೇಕೇ ಬೇಕೆಂದರೆ ಸುತ್ತ ಚೌಕಟ್ಟು ಬೆಸೆದು, ಕೆಳಗೆ ಎರಡು ಆಸರೆ ಕೊಟ್ಟ ಮೇಲೆ ಕೊಯ್ಯಿರಿ.

ಹಳಿಯ ಮೇಲೆ ಈ ಕೋಚಿನ ಭಾರ ಬೀಳುವುದು ನಾಲ್ಕೇ ಕಡೆ: ಉದ್ದಕ್ಕೆ 14.783 ಮೀಟರ್ ಅಂತರದ ಎರಡು ಬೋಗಿ, ಒಂದೊಂದರಲ್ಲಿ ಅಡ್ಡಕ್ಕೆ 1.6 ಮೀಟರ್ ಅಂತರದ ಎರಡು ಪಕ್ಕದ ಆಧಾರ. ನೀವು ಕಟ್ಟುವ ಕಂಬಗಳೂ ಅಲ್ಲೇ ಬರಬೇಕು. ಮೈ 26 ಟನ್, 60 ಜನಕ್ಕೆ 4 ಟನ್, ಮೇಜು, ನೀರು, ಸಾಮಾನಿಗೆ 2 ಟನ್. ಒಟ್ಟು 32, ಕಂಬಕ್ಕೆ 8 ಟನ್. ಚದರ ಮೀಟರಿಗೆ 10 ಟನ್ ತಡೆಯುವ ಮಣ್ಣಾದರೆ 0.8 ಚದರ ಮೀಟರ್ ಪಾದ ಸಾಕು, ಎಲ್ಲರೂ ಒಂದೇ ಪಕ್ಕ ಕೂತಾಗಿನ ಲೆಕ್ಕಕ್ಕೆ 1.2 ಮೀಟರ್ ಚೌಕ ಇಡಿ. ಕೋಲಾರದ ಗಟ್ಟಿ ಕೆಂಪು ಜಲ್ಲಿನೆಲದಲ್ಲಿ ಇದು ಧಾರಾಳ. ಕೆರೆ ಅಂಚಿನ ಗೋಡು, ಎರೆಮಣ್ಣು, ಇತ್ತೀಚೆಗೆ ಮಣ್ಣು ಹೊಡೆಸಿದ ಜಾಗ ಆದರೆ ಮಣ್ಣು ಪರೀಕ್ಷೆ ಇಲ್ಲದೆ ಮುಟ್ಟಬೇಡಿ. ಒಂದು ಕಂಬ ಎರಡು ಸೆಂಟಿಮೀಟರ್ ಕುಸಿದರೂ ಇಡೀ ಪೆಟ್ಟಿಗೆ ತಿರುಚಿಕೊಳ್ಳುತ್ತದೆ. ಗಾಳಿಗೆ ಹೊಯ್ದಾಡದಂತೆ ಸೋಲ್‌ಬಾರ್ ಕೆಳಗೆ ಪಕ್ಕದ ಆಸರೆಗಳೂ ಇರಲಿ.

ಕೆಳಗೆ ಒಬ್ಬ ಮನುಷ್ಯ ತೆವಳಿ ಬಣ್ಣ ಹೊಡೆಯುವಷ್ಟು, ಕನಿಷ್ಠ 45 ಸೆಂ.ಮೀ. ಖಾಲಿ ಬಿಡಿ. ಆಗ ಒಳನೆಲ ಸುಮಾರು 90 ಸೆಂ.ಮೀ. ಎತ್ತರಕ್ಕೆ ಬರುತ್ತದೆ: ಆರು ಮೆಟ್ಟಿಲು, ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ 10.8 ಮೀಟರ್ ರ‍್ಯಾಂಪು. ಅಂದಕ್ಕೆಂದು ಸುತ್ತ ಕಲ್ಲು ಕಟ್ಟಿ ತಳ ಮುಚ್ಚಿಬಿಡುವವರಿದ್ದಾರೆ. ಗಾಳಿಯಾಡದೆ ನಾಲ್ಕು ಮಳೆಗಾಲದಲ್ಲಿ ತಳ ಉದುರುತ್ತದೆ.

ಬೋಗಿ ಸಮೇತ ಸಿಕ್ಕಿದರೆ ಹಳಿ ಹಾಸಬೇಕು. 13 ಮೀಟರಿನ ನಾಲ್ಕು ಹಳಿಯಲ್ಲಿ 26 ಮೀಟರ್ ದಾರಿ ಆಗುತ್ತದೆ. ಮೀಟರಿಗೆ 52 ಕಿಲೋ ಹಳಿಯಾದರೆ 2.7 ಟನ್. 60 ಸೆಂ.ಮೀ. ಅಂತರದಲ್ಲಿ 44 ಸ್ಲೀಪರ್, ಕೆಳಗೆ ಜಲ್ಲಿ. ಹಳಿಗಳ ನಡುವೆ 1,676 ಮಿ.ಮೀ. ಚಕ್ರದ ಎರಡೂ ಪಕ್ಕ ಹಳಿಗೆ ಅಡ್ಡಗಟ್ಟೆ ಬೆಸೆಯಿರಿ, ಬರೀ ಕಲ್ಲು ಇಟ್ಟು ನಂಬಬೇಡಿ.

ಒಳಗಿನ ಕೆಲಸ

ಏಪ್ರಿಲ್ ಬಿಸಿಲಿಗೆ ಕಬ್ಬಿಣದ ಡಬ್ಬಿ ಕಾದ ಹಂಚು. ಒಳಗೆ ಎಸಿ ಹಾಕುವ ಮುಂಚೆ ಮೇಲೊಂದು ಬೇರೆ ಶೀಟಿನ ಚಪ್ಪರ ಹಾಕಿ, ಕೋಚಿನ ನೆತ್ತಿಗೂ ಶೀಟಿಗೂ ಎರಡಡಿ ಗಾಳಿ ಓಡಲಿ. ಮಳೆಯ ಸೋರಿಕೆಗೂ ಅದೇ ಮದ್ದು: ಚಾವಣಿಯ ಗಾಳಿಗಿಂಡಿಗಳಿಂದ ಸೋರುವುದನ್ನು ಎಷ್ಟು ಸೀಲಂಟ್ ಮೆತ್ತಿದರೂ ನಿಲ್ಲಿಸುವುದು ಕಷ್ಟ.

ಒಳಗಲ ಮೂರು ಮೀಟರ್. ಎರಡೂ ಪಕ್ಕ 1.05 ಮೀಟರಿನ ಇಬ್ಬರ ಬೆಂಚುಗಳನ್ನು ಎದುರುಬದುರು ಹಾಕಿದರೆ ನಡುವೆ 90 ಸೆಂ.ಮೀ. ದಾರಿ. ಒಂದು ಸಾಲಿಗೆ 1.65 ಮೀಟರ್ ಉದ್ದ ಹಿಡಿದರೆ 14 ಮೀಟರಿನಲ್ಲಿ ಎಂಟು ಸಾಲು, 64 ಜನ. ಹೆಗಲಿಗೆ ಹೆಗಲು ತಾಗದೆ ಮುದ್ದೆ ಊಟ ಮಾಡಬೇಕೆಂದರೆ 48ಕ್ಕೆ ನಿಲ್ಲಿಸಿ. ಒಲೆ, ಗ್ಯಾಸ್ ಸಿಲಿಂಡರ್ ಒಳಗೆ ಬೇಡವೇ ಬೇಡ: ಉದ್ದನೆಯ ಕಿರಿದಾದ ಪೆಟ್ಟಿಗೆಯಲ್ಲಿ ಒಂದು ತುದಿಗೆ ಬೆಂಕಿ ಬಿದ್ದರೆ ಹೊಗೆ ಕ್ಷಣದಲ್ಲಿ ಇನ್ನೊಂದು ತುದಿಗೆ. ಅಡುಗೆಮನೆ ಪಕ್ಕದಲ್ಲಿ ಬೇರೆ ಕಟ್ಟಿ, ಎರಡೂ ತುದಿಯ ಬಾಗಿಲು ಸದಾ ತೆರೆಯುವಂತಿರಲಿ. ಹಳೇ ಶೌಚಾಲಯದ ಜಾಗ ಗಲ್ಲಾಪೆಟ್ಟಿಗೆಗೋ ಕೈತೊಳೆಯುವುದಕ್ಕೋ ಆದೀತು, ಶೌಚಾಲಯ ಮಾತ್ರ ಹೊರಗೇ.

ಹಳೇ ವೈರಿಂಗ್ ಪೂರ್ತಿ ಕಿತ್ತೆಸೆಯಿರಿ. ಐಸಿಎಫ್ ಕೋಚಿನದು 110 ವೋಲ್ಟ್ ಡಿಸಿ. ಆ ಫ್ಯಾನಿಗೆ ಮನೆಯ 230 ವೋಲ್ಟ್ ಕೊಟ್ಟರೆ ಸುಟ್ಟ ವಾಸನೆಯೊಂದೇ ಲಾಭ. ಪಂಜರ ಉಳಿಸಿಕೊಂಡು ಒಳಗೆ ಹೊಸ ಮೋಟಾರ್ ಕೂರಿಸಬಹುದು. ಲೋಹದ ಮೈಗೆ ಅರ್ತಿಂಗ್ ಎರಡು ಕಡೆ, ಸೋರುವಿದ್ಯುತ್ ಕಡಿತಕ್ಕೆ ಆರ್‌ಸಿಸಿಬಿ ಕಡ್ಡಾಯ. ವೆಲ್ಡಿಂಗ್ ಶುರುಮಾಡುವ ಮೊದಲು ಸೀಟಿನ ಸ್ಪಂಜು, ರೆಕ್ಸಿನ್, ಹಲಗೆ ಎಲ್ಲ ಹೊರಗೆ ಹಾಕಿ; ಈ ಕೆಲಸದಲ್ಲಿ ಬೆಂಕಿ ಬೀಳುವುದು ಗೋಡೆಯ ಆಚೆ ಬದಿಯಲ್ಲಿ, ಕಾಣದ ಜಾಗದಲ್ಲಿ.

ಕೃಷಿ ಜಮೀನಾದರೆ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಪರಿವರ್ತನೆ, ಹೆದ್ದಾರಿ ಪಕ್ಕವಾದರೆ ಪ್ರವೇಶದಾರಿಗೆ ಹೆದ್ದಾರಿ ಪ್ರಾಧಿಕಾರದ ಅನುಮತಿ, ಬೆಸ್ಕಾಂನ ವಾಣಿಜ್ಯ ಸಂಪರ್ಕ, ಆಹಾರ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ, ಪಂಚಾಯಿತಿ ಲೈಸೆನ್ಸ್ ಇಷ್ಟೂ ಬೇಕು. ಇದು ಕಟ್ಟಡವಲ್ಲ, ಬರೀ ಡಬ್ಬಿ ಎಂಬ ವಾದ ಎಲ್ಲಿಯೂ ನಡೆಯುವುದಿಲ್ಲ.

ನಿಲ್ದಾಣದ ಕೋಚ್ ರೆಸ್ಟೋರೆಂಟ್

2020ರ ಫೆಬ್ರುವರಿಯಲ್ಲಿ ಆಸನ್ಸೋಲ್ ನಿಲ್ದಾಣದಲ್ಲಿ ಎರಡು ಹಳೇ ಮೆಮು ಕೋಚುಗಳಿಂದ ಶುರುವಾದ ಪದ್ಧತಿ ಇದು. ಜಾಗ ರೈಲ್ವೆಯದು, ನೀವು ಟೆಂಡರಿನಲ್ಲೋ ಇ-ಹರಾಜಿನಲ್ಲೋ ಗೆದ್ದು ಲೈಸೆನ್ಸ್ ಶುಲ್ಕ ಕಟ್ಟಿ ಹೋಟೆಲ್ ನಡೆಸಬೇಕು. ಸಾಗಣೆ, ಅಡಿಪಾಯ, ಜಮೀನು ಪರಿವರ್ತನೆಯ ರಗಳೆ ಬಹಳ ಕಮ್ಮಿ. ಹೋಟೆಲ್ ಅನುಭವ ಇದ್ದು ಜಮೀನು ಇಲ್ಲದವರಿಗೆ ನಾವು ಹೇಳುವುದು ಇದನ್ನೇ. ಆದರೆ ಒಳಗೆ ಹಾಕಿದ ದುಡ್ಡು ಲೈಸೆನ್ಸ್ ಅವಧಿಯೊಳಗೇ ಹುಟ್ಟಬೇಕು, ಅವಧಿ ಮುಗಿದರೆ ಕೋಚು ನಿಮ್ಮದಲ್ಲ. ಶುಲ್ಕವನ್ನು ದಿನಕ್ಕೆ ಭಾಗಿಸಿ, ಅಷ್ಟು ಲಾಭಕ್ಕೆ ದಿನಕ್ಕೆ ಎಷ್ಟು ತಟ್ಟೆ ಇಡ್ಲಿ ಹೋಗಬೇಕು ನೋಡಿ. ಬರೀ ರೈಲು ಹತ್ತುವವರನ್ನು ನಂಬಿದರೆ ಆಗದು, ಬೆಳಗಿನ ಬೆಂಗಳೂರು ರೈಲಿಗೆ ಓಡುವವರು ಕೂತು ತಿನ್ನುವವರಲ್ಲ. ಹೊರಗಿನ ರಸ್ತೆಯಿಂದ ಬಾಗಿಲು, ಗಾಡಿ ನಿಲ್ಲಿಸಲು ಜಾಗ ಇರುವ ನಿಲ್ದಾಣಕ್ಕೆ ಮಾತ್ರ ಬಿಡ್ ಹಾಕಿ.

ಕಂಟೇನರ್, ಇಲ್ಲವೇ ಹೊಸದಾಗಿ ಕಟ್ಟಿದ ಕೋಚು

ಹೋಂಸ್ಟೇ ಕೋಣೆಗೆ 40 ಅಡಿ ಕಂಟೇನರ್ ಎಲ್ಲ ರೀತಿಯಲ್ಲೂ ಸುಲಭ: ನಾಲ್ಕು ಟನ್ ಒಳಗೆ, ಮಾಮೂಲಿ ಟ್ರೈಲರ್, ಒಂದು ಕ್ರೇನು. ಅಗಲ ಮಾತ್ರ 2.44 ಮೀಟರ್, ಒಳಪದರ ಹಾಕಿದರೆ ಇನ್ನೂ ಕಿರಿದು. ರೈಲಿನ ನೋಟವೂ ಬರುವುದಿಲ್ಲ. ನಂದಿ ಬೆಟ್ಟದ ಸುತ್ತಿನ ತಿರುವು ರಸ್ತೆಗಳಲ್ಲಿ ನೋಟವೂ ಬೇಕು, ಸಾಗಣೆಯೂ ಆಗಬೇಕು ಎಂದರೆ ಜಾಗದಲ್ಲೇ ಕಟ್ಟಿಸುವುದು ಒಳ್ಳೆಯದು. 50×50 ಚೌಕ ಪೈಪಿನ ಚೌಕಟ್ಟು, ರೋಲರ್‌ನಲ್ಲಿ ಬಾಗಿಸಿದ ಚಾವಣಿ ಕಮಾನು, 1.2 ಮಿ.ಮೀ. ತಗಡು. 18 ಮೀಟರ್ ಉದ್ದ, 2.4 ಮೀಟರ್ ಎತ್ತರದ ಎರಡು ಗೋಡೆಗೆ 86 ಚದರ ಮೀಟರ್, ಹತ್ತಿರ ಹತ್ತಿರ 815 ಕಿಲೋ ತಗಡು. ಅಗಲ 3.6 ಮೀಟರ್ ಬೇಕಾದರೂ ಇಡಬಹುದು. ಇದಕ್ಕೆ ಗುಜರಿಯಿಂದ ತಂದ ನಿಜವಾದ ಕಿಟಕಿ ಚೌಕಟ್ಟು, ಬಾಗಿಲು, ಕೈಹಿಡಿ, ಸಾಮಾನಿನ ಜಾಲರಿ ಜೋಡಿಸಿದರೆ ಹತ್ತಿರ ನಿಂತವರಿಗೂ ಗುರುತಾಗದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಯ ಹಳ್ಳಿದಾರಿಗಳನ್ನು ನೋಡಿದರೆ ಹೆಚ್ಚಿನವರಿಗೆ ಒಗ್ಗುವುದು ಇದೇ.

ಬಿಡಿಭಾಗ ಕೊಳ್ಳುವಾಗ ಒಂದೇ ಎಚ್ಚರ, ಆದರೆ ದೊಡ್ಡದು. ರೈಲ್ವೆ ಗುರುತು ಒತ್ತಿದ ಫ್ಯಾನು, ಬರ್ತು, ಸರಪಳಿ ನಿಮ್ಮಲ್ಲಿದ್ದು ಅದಕ್ಕೆ ದಾಖಲೆ ಇಲ್ಲದಿದ್ದರೆ, ರೈಲ್ವೆ ಆಸ್ತಿಯ ಅಕ್ರಮ ಸ್ವಾಧೀನದ 1966ರ ಕಾಯ್ದೆಯಡಿ ರೈಲ್ವೆ ರಕ್ಷಣಾ ಪಡೆ (ಆರ್‌ಪಿಎಫ್) ಕೇಸು ಹಾಕಬಹುದು. ಗುಜರಿಯವರಿಂದ ಜಿಎಸ್‌ಟಿ ಬಿಲ್ಲು, ಜೊತೆಗೆ ಅವರು ಹರಾಜಿನಲ್ಲಿ ಕೊಂಡ ಲಾಟಿನ ಡೆಲಿವರಿ ಪತ್ರದ ಪ್ರತಿ ಎರಡೂ ಇಸಿದುಕೊಳ್ಳಿ. "ಬಿಲ್ಲಿಲ್ಲದೆ ಕಮ್ಮಿ ರೇಟು" ಎಂದರೆ ಬಿಟ್ಟುಬಿಡಿ.

ಶಾಲೆಗೆ, ಗ್ರಂಥಾಲಯಕ್ಕೆ

ಮೈಸೂರಿನ ಅಶೋಕಪುರಂನಲ್ಲಿ ರೈಲ್ವೆ ಕಾರ್ಯಾಗಾರದವರು 2020ರಲ್ಲಿ ಎರಡು ಹಳೇ ಕೋಚುಗಳನ್ನು ಸರ್ಕಾರಿ ಶಾಲೆಯ ತರಗತಿ ಮಾಡಿಕೊಟ್ಟರು. ಅಲ್ಲಿ ಅದು ಕೈಗೂಡಿದ್ದಕ್ಕೆ ಕಾರಣ ಶಾಲೆ ರೈಲ್ವೆ ಕಾಲೊನಿಯಲ್ಲಿ, ಕಾರ್ಯಾಗಾರದ ಪಕ್ಕದಲ್ಲೇ ಇದ್ದದ್ದು. ಮಧುಗಿರಿಯ ಹಳ್ಳಿ ಶಾಲೆಗೆ ಅದೇ ಮಾಡಹೊರಟರೆ ಸಾಗಣೆಯ ಖರ್ಚಿನಲ್ಲೇ ಬೇರೆ ಎಷ್ಟೋ ಆಗುತ್ತದೆ. ಮೂರು ಮೀಟರ್ ಅಗಲದ ಕೋಣೆ ಪಾಠಕ್ಕೆ ಅಷ್ಟು ಹೊಂದುವುದೂ ಇಲ್ಲ; ಹಿಂದಿನ ಮಕ್ಕಳಿಗೆ ಕರಿಹಲಗೆ ದೂರ. ಓದುವ ಕೋಣೆಗಾದರೆ ಚೆನ್ನ.

ಇರುವ ಕಟ್ಟಡಕ್ಕೇ ರೈಲಿನ ಬಣ್ಣ ಹೊಡೆಸಿರುವ ಶಾಲೆಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. 30 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಗೆ 90 ಚದರ ಮೀಟರ್. ಎರಡು ಪದರ ಬಣ್ಣಕ್ಕೆ ಲೀಟರಿಗೆ ಐದಾರು ಚದರ ಮೀಟರ್ ಎಂದರೆ 15ರಿಂದ 18 ಲೀಟರ್ ಹೊರಗೋಡೆಯ ಎಮಲ್ಷನ್, ಪ್ರೈಮರ್ ಬೇರೆ. ಸುಣ್ಣದ ಹಳೇ ಗೋಡೆಯಾದರೆ ಉಜ್ಜಿ ತೆಗೆಯದೆ ಹೊಡೆದರೆ ಒಂದೇ ಮಳೆಗೆ ಹಪ್ಪಳದಂತೆ ಏಳುತ್ತದೆ. ಕಿಟಕಿ ಪಟ್ಟಿಗೆ ತಿಳಿನೀಲಿ, ಉಳಿದದ್ದಕ್ಕೆ ಕಡುನೀಲಿ. ಅಜ್ಜ ಅಜ್ಜಿಯರಿಗೆ ಗುರುತು ಸಿಗಬೇಕೆಂದರೆ 90ರ ದಶಕಕ್ಕೆ ಮುಂಚಿನ ಕೆಂಗಂದು. ಬಾಗಿಲ ಪಕ್ಕದ ಕೋಚ್ ನಂಬರಿನ ಜಾಗಕ್ಕೆ ಶಾಲೆಯ ಡೈಸ್ ಸಂಖ್ಯೆ (ಶಾಲೆಗೆ ಕೊಟ್ಟ ಸರ್ಕಾರಿ ಗುರುತಿನ ಸಂಖ್ಯೆ) ಬರೆಸಿ, ಹಳದಿ ಫಲಕದ ಮೇಲೆ ಊರಿನ ಹೆಸರು ಕನ್ನಡದಲ್ಲಿ ದಪ್ಪಕ್ಷರದಲ್ಲಿರಲಿ.